ಇಲ್ಲದ ವ್ರತ

ಅರ್ಚಕ ಗೋಪಾಲಸ್ವಾಮಿಯವರು ದೇವಸ್ಥಾನದ ಮೆಟ್ಟಿಲು ತೊಳೆಯುವಾಗ ಜಾರಿ ಬಿದ್ದು ಕಾಲು ಮುರಿದುಕೊಂಡರು. ಮೊಣಕಾಲವರೆಗೆ ಪ್ಲಾಸ್ಟರ್ ಹಾಕಿದ ಡಾಕ್ಟರು, ಎಂಟು ವಾರ ಕಾಲು ನೆಲಕ್ಕೆ ಊರಬೇಡಿ ಎಂದು ಹೇಳುತ್ತಿದ್ದರೆ, ಇವರು ಹೆಂಡತಿಯ ಮುಖ ನೋಡಿ, "ಶನಿವಾರಕ್ಕೆ ಯಾರು?" ಎಂದರು. ಕಾಲಿನ ನೋವಿಗಿಂತ ಆ ಪ್ರಶ್ನೆ ಮನೆಯವರನ್ನು ಹೆಚ್ಚು ಕಾಡಿತು.

ಹಾರನಹಳ್ಳಿಯ ದೊಡ್ಡ ಗುಡಿಗಳಿಗೆ ಬೋರ್ಡು, ಬೇಲಿ, ಫೋಟೋ ಹೊಡೆಯುವ ಜನ ಎಲ್ಲ ಉಂಟು. ಇವರದು ಊರಾಚೆ ಕೆರೆ ಏರಿಯ ಪಕ್ಕದ ಪುಟ್ಟ ರಂಗನಾಥನ ಗುಡಿ. ವಾರವೆಲ್ಲ ಅಲ್ಲಿ ಬಾವಲಿಗಳದೇ ಸಂಸಾರ. ಶನಿವಾರ ಮಾತ್ರ ಸುತ್ತಲಿನ ಹಳ್ಳಿಗಳಿಂದ ನಲವತ್ತು ಐವತ್ತು ಜನ ಹಣ್ಣುಕಾಯಿ ಹಿಡಿದು ಬರುತ್ತಾರೆ. ಒಬ್ಬೊಬ್ಬರೂ ಹೆಸರು ಹೇಳಿ ಅರ್ಚನೆ ಮಾಡಿಸುತ್ತಾರೆ. ಅರ್ಚಕ ಆ ಹೆಸರನ್ನು ಮಂತ್ರದ ನಡುವೆ ಸೇರಿಸಿ ದೇವರಿಗೆ ಒಪ್ಪಿಸಬೇಕು. ಅಷ್ಟೇ ಕೆಲಸ. ಆದರೆ ಈ ಮನೆಗೆ ಆ 'ಅಷ್ಟೇ' ಎಂಬುದು ಬೆಟ್ಟದಷ್ಟಿತ್ತು.

ಮಗ ನಂದಕಿಶೋರನಿಗೆ ಇಪ್ಪತ್ತಾರು. ಮಂತ್ರ ಹೇಳಿದರೆ ಒಂದು ಅಕ್ಷರ ಮುಕ್ಕಾಗದು. ಅದೇ ಬಾಯಿಯಲ್ಲಿ "ಬಸ್ಸು ಬಂತು" ಎನ್ನಬೇಕಾದರೆ 'ಬ' ಎಂಬಲ್ಲಿ ತುಟಿ ಅಂಟಿಕೊಂಡು, ಕತ್ತಿನ ನರ ಉಬ್ಬಿ, ಅಷ್ಟರಲ್ಲಿ ಬಸ್ಸು ಹೋಗಿಯೇ ಬಿಟ್ಟಿರುತ್ತಿತ್ತು. ಚಿಕ್ಕವನಿದ್ದಾಗ ತಾಯಿ ಚೆಲುವಾಂಬ ಅವನ ನಾಲಿಗೆಗೆ ಜೇನುತುಪ್ಪದಲ್ಲಿ ಬಜೆ ತೇಯ್ದು ಹಚ್ಚಿದರು, ಒಂದೆಲಗದ ಚಟ್ನಿ ತಿನ್ನಿಸಿದರು. ನಾಲಿಗೆ ಉರಿದದ್ದೊಂದೇ ಲಾಭ. ಈಗ ಅರಸೀಕೆರೆಯಲ್ಲಿ ಡಿಟಿಪಿ ಅಂಗಡಿಯ ಕೆಲಸ. ಬಾಯಿ ಬೇಡದ ಕೆಲಸವೆಂದೇ ಹುಡುಕಿಕೊಂಡದ್ದು. ಕಂಡಕ್ಟರಿಗೆ ಊರಿನ ಹೆಸರು ಹೇಳಬೇಕಾಗುತ್ತದೆಂದು ತಿಂಗಳ ಪಾಸು ಮಾಡಿಸಿಕೊಂಡಿದ್ದ.

"ಬೇಲೂರಿಂದ ಶರತ್ಚಂದ್ರನ್ನ ಕರೆಸೋಣ. ಎಂಟು ವಾರ ತಾನೆ?" ಎಂದರು ಚೆಲುವಾಂಬ. ಶರತ್ಚಂದ್ರ ಅವರ ದಾಯಾದಿಗಳ ಮಗ.

"ಅವನು ಒಳಗೆ ಕಾಲಿಟ್ಟರೆ ಹೊರಗೆ ಹೋಗೋನಲ್ಲ," ಎಂದರು ಗೋಪಾಲಸ್ವಾಮಿ. ಮಂಚದ ಮೇಲೆ ಕಾಲು ನೀಡಿಕೊಂಡು ಮಗನನ್ನು ಕರೆದರು. "ನಂದ, ಇಲ್ಲಿ ಬಾ. ಹೆಸರು ಬರೋ ಕಡೆ 'ಅಸ್ಯ ಯಜಮಾನಸ್ಯ' ಅಂದುಬಿಡು. ಈ ಪೂಜೆ ಮಾಡಿಸ್ತಿರೋನು ಅಂತ ಅರ್ಥ. ಯಾರಿಗೆ ಗೊತ್ತಾಗುತ್ತೆ?"

"ಜ... ಜ... ಜನ ಮಾತಾಡಿಸಿದ್ರೆ?"

"ಮೌನವ್ರತ ಅಂತ ಹೇಳಿರ್ತೀನಿ. ಮಂತ್ರ ಬಿಟ್ಟು ಬೇರೆ ಮಾತಾಡಲ್ಲ ಅಂತ."

ಮಗಳು ಮೇಧಿನಿ ನಕ್ಕಳು. ಅರಸೀಕೆರೆಯಲ್ಲಿ ಬಿ.ಎಡ್. ಓದುವ ಹುಡುಗಿ, ನಗು ಬೇಗ ಬರುತ್ತದೆ. ಬೇರೆ ಯಾರೂ ನಗಲಿಲ್ಲವೆಂದು ಕಂಡಾಗ ಅವಳೂ ಸುಮ್ಮನಾದಳು.

ವ್ರತದ ಸುದ್ದಿ ಎರಡೇ ದಿನದಲ್ಲಿ ಊರೆಲ್ಲ ಹಬ್ಬಿತು. ಸುಳ್ಳಿಗೆ ಕಾಲಿಲ್ಲ ಎನ್ನುತ್ತಾರೆ, ಆದರೂ ಅದು ಓಡುವ ಓಟ ನೋಡಬೇಕು. ಮೊದಲ ಶನಿವಾರವೇ ಜನ ನಂದಕಿಶೋರನ ಮುಂದೆ ಕೈಮುಗಿದು ನಿಂತರು. ಈ ವಯಸ್ಸಿಗೆ ಎಂಥಾ ನಿಷ್ಠೆ ಎಂದು ಹೆಂಗಸರು ಪಿಸುಗುಟ್ಟಿದರು. ಒಬ್ಬೊಬ್ಬರೂ ಹೆಸರು, ನಕ್ಷತ್ರ ಹೇಳುವರು. ಅವನು ಗಂಭೀರವಾಗಿ ತಲೆದೂಗಿ ಒಳಗೆ ಹೋಗಿ ಎಲ್ಲರಿಗೂ 'ಅಸ್ಯ ಯಜಮಾನಸ್ಯ' ಎಂದು ಹೇಳಿ ಬರುವನು.

ಅಂದೇ ರಂಗಮ್ಮ ಬಂದದ್ದು. ಹಳೇಬೀಡಿನ ಹತ್ತಿರದ ಮಾದಿಹಳ್ಳಿಗೆ ಕೊಟ್ಟ ಹೆಣ್ಣು. ಅರುವತ್ತೆಂಟು ದಾಟಿದ ಮುದುಕಿ. ಈ ರಂಗನಾಥ ಅವಳ ತವರಿನ ದೇವರು. ಜೊತೆಯಲ್ಲಿ ಸೊಸೆ ಹೇಮಾಶ್ರೀ ಇದ್ದಳು.

"ನಮ್ಮ ಮಾವಂಗೆ ಹಾರ್ಟು," ಎಂದಳು ಸೊಸೆ. "ಮೈಸೂರಲ್ಲಿ ಆಪರೇಷನ್ ಅಂದವ್ರೆ. ಹೆಸರು ಬೋರಯ್ಯ. ನಕ್ಷತ್ರ ಗೊತ್ತಿಲ್ಲ."

"ಆಪ್ರೇಸನ್ ಆಗೋಗಂಟ ವಾರ ವಾರ ಬತ್ತೀನಿ ಚಿಕ್ಕಯ್ನೋರೆ," ಎಂದಳು ರಂಗಮ್ಮ. "ಚೆಂದಾಗಿ ಹೇಳಿ ದೇವ್ರಿಗೆ."

ನಂದಕಿಶೋರ ತಲೆದೂಗಿದ.

ಮಧ್ಯಾಹ್ನ ಊಟಕ್ಕೆ ಕೂತಾಗ ಚೆಲುವಾಂಬರ ಮುಖದಲ್ಲಿ ಎಷ್ಟೋ ವರ್ಷದಿಂದ ಕಾಣದ ಕಳೆಯಿತ್ತು. "ಪಕ್ಕದ ಬೀದಿ ಅನುಸೂಯಮ್ಮ ಕೇಳಿದ್ರು, ಯಾವಾಗಿಂದ ವ್ರತ ಅಂತ. ಮಾತು ಸರಿಹೋದಾಗಿಂದ, ಹರಕೆ ಅಂದೆ."

"ಅಮ್ಮ!" ಎಂದಳು ಮೇಧಿನಿ.

"ಇನ್ನೇನು ಹೇಳ್ಲಿ? ಇಷ್ಟು ವರ್ಷ ಅವರ ಮನೆಗೆ ಅರಿಶಿನ ಕುಂಕುಮಕ್ಕೆ ಹೋದ್ರೆ, ನಿಮ್ಮ ಮಗನಿಗೆ ಮಾತು ಸರಿಹೋಯ್ತಾ ಅಂತ ಕೇಳ್ತಿದ್ರು. ಇವತ್ತು ಹಾಗೆ ಕೇಳಲಿಲ್ಲ."

"ವ್ರತದವರಿಗೆ ಇನ್ನೊಂದು ಸೌಟು ಹುಳಿ ಬಡಿಸಮ್ಮ," ಎಂದು ಮೇಧಿನಿ ಅಣ್ಣನ ಕಡೆ ನೋಡಿದಳು. ಅವನು ತಲೆ ಎತ್ತದೆ ಅನ್ನ ಕಲಸುತ್ತಿದ್ದ. ಅವನಿಗೂ ಒಳಗೊಳಗೆ ಹಿತವಾಗಿತ್ತು, ಅದಕ್ಕೇ ನಾಚಿಕೆಯೂ ಆಗಿತ್ತು. ಜನ ತನ್ನ ಬಾಯಿ ನೋಡಿ ನಗದ ಮೊದಲ ದಿನ ಅದು.

ಎರಡನೇ ಶನಿವಾರವೂ ಹಾಗೇ ಕಳೆಯಿತು. ಮೂರನೇ ಶನಿವಾರ ರಂಗಮ್ಮ ಒಬ್ಬಳೇ ಬಂದಳು. ತೀರ್ಥ ತೆಗೆದುಕೊಂಡು, ಕೈ ತಲೆಗೆ ಒರೆಸಿಕೊಂಡು, ಹೋಗದೆ ನಿಂತಳು.

"ಚಿಕ್ಕಯ್ನೋರೆ, ತಪ್ಪು ತಿಳ್ಕಬೇಡಿ. ನಂಗೆ ವಯಸ್ಸಾಯ್ತು, ಕಿವಿ ಮಂದ. ನಮ್ಮೋರ ಹೆಸ್ರು ಹೇಳುದ್ರಾ?"

ನಂದಕಿಶೋರ ಹೂಂ ಎಂಬಂತೆ ತಲೆದೂಗಿದ.

"ಸರಿ ಬುಡಿ. ನಂಗೇ ಕೇಳ್ನಿಲ್ಲವೇನೋ," ಎಂದು ಅವಳು ಕೈಮುಗಿದು ಹೋದಳು.

ಹೂವಿನ ಬುಟ್ಟಿ ಹಿಡಿದು ಕಂಬದ ಬಳಿ ನಿಂತಿದ್ದ ಮೇಧಿನಿ ಇದನ್ನೆಲ್ಲ ಕಂಡಳು. ಮನೆಗೆ ಬಂದವಳೇ ಬುಟ್ಟಿಯನ್ನು ನೆಲಕ್ಕೆ ಕುಕ್ಕಿದಳು.

"ಅಪ್ಪ, ಆ ಮುದುಕಿಗೆ ಅಣ್ಣ ಸುಳ್ಳು ಹೇಳಿದ. ಮಾತೇ ಆಡದೆ ಹೇಳಿದ."

"ಏನೀಗ? ದೇವರಿಗೆ ಎಲ್ಲ ಗೊತ್ತಿರುತ್ತೆ. ಹೆಸರು ಹೇಳದಿದ್ರೆ ಗುರುತು ಹಿಡಿಯೋಕಾಗಲ್ವ ಅವನಿಗೆ?"

"ಹಾಗಿದ್ರೆ ಮೂವತ್ತು ವರ್ಷದಿಂದ ನೀವು ಯಾಕೆ ಹೇಳ್ತಿದ್ರಿ?"

ಉತ್ತರ ಹೊಳೆಯದಾಗ ಗೋಪಾಲಸ್ವಾಮಿಯವರಿಗೆ ಸಿಟ್ಟು ಬರುತ್ತದೆ. "ಓದಿದ್ದು ಹೆಚ್ಚಾಯ್ತು ನಿಂಗೆ. ಒಳಗೆ ಹೋಗಿ ಅಮ್ಮನಿಗೆ ಕಾಯಿ ತುರಿದುಕೊಡು."

"ತುರೀತೀನಿ. ಅಣ್ಣನಿಗೆ ಹತ್ತು ವರ್ಷ ಆಗಿದ್ದಾಗ ಹಾಸನದಲ್ಲಿ ಮಾತಿನ ಡಾಕ್ಟರ್ ಹತ್ರ ಒಂದು ದಿನ ಕರ್ಕೊಂಡು ಹೋಗಿ ಮತ್ತೆ ಯಾಕೆ ಹೋಗಲಿಲ್ಲ, ಅದನ್ನ ಹೇಳಿ."

"ಸಾಲಲ್ಲಿ ನಿಂತು, ನಮ್ಮ ಹುಡುಗನಿಗೆ ಮಾತು ಬರಲ್ಲ ಅಂತ ಗಟ್ಟಿಯಾಗಿ ಹೇಳ್ಬೇಕಿತ್ತು ಕಣೇ," ಎಂದರು ಅಡುಗೆಮನೆಯಿಂದ ಚೆಲುವಾಂಬ. "ಅಲ್ಲಿ ನಮ್ಮ ಊರಿನವರು ಇಬ್ಬರಿದ್ರು. ನಿಮ್ಮಪ್ಪ ಚೀಟಿ ಮಾಡಿಸದೆ ವಾಪಸ್ಸು ಕರ್ಕೊಂಡು ಬಂದ್ರು."

ಇದನ್ನು ನಂದಕಿಶೋರ ಈವರೆಗೆ ಕೇಳಿರಲಿಲ್ಲ. ಡಾಕ್ಟರು ಅಂದು ರಜೆಯೆಂದು ಅವನಿಗೆ ಹೇಳಿದ್ದರು. ಹಗ್ಗದ ಮೇಲೆ ಒದ್ದೆ ಪಂಚೆ ಹರವುತ್ತಿದ್ದವನು ಒಂದು ಗಳಿಗೆ ಕೈ ನಿಲ್ಲಿಸಿ, ಮತ್ತೆ ಹರವಿದ.

ಮಂಗಳವಾರ ಅಂಗಡಿಗೆ ರಜೆ ಹಾಕಿ ತಂಗಿಯ ಜೊತೆ ಹಾಸನಕ್ಕೆ ಹೋದ. ಈ ಸಲ ಸಾಲಲ್ಲಿ ತಾನೇ ನಿಂತ. ಮಾತಿನ ಚಿಕಿತ್ಸೆ ಮಾಡುವ ರಮಾ ಎಂಬಾಕೆ ಅವನಿಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ಅವನ ಹೆಸರು ಕೇಳಿ, ಅದು ಬರುವವರೆಗೆ ಪೆನ್ನು ಕೆಳಗಿಟ್ಟು ಸುಮ್ಮನೆ ಕೂತರು. ಮೇಧಿನಿ ಬಾಯಿ ಹಾಕಲು ಹೋದಾಗ ಕೈಸನ್ನೆ ಮಾಡಿ ತಡೆದರು. ಮೌನವ್ರತದ ಕಥೆಯನ್ನೂ ಪೂರ್ತಿ ಕೇಳಿದರು.

"ತೊದಲೋದನ್ನ ನಿಲ್ಲಿಸಬೇಕು ಅಂತ ಬಂದಿದೀರೋ, ಬಚ್ಚಿಡೋದನ್ನ ನಿಲ್ಲಿಸಬೇಕು ಅಂತ ಬಂದಿದೀರೋ?" ಎಂದು ಕೇಳಿದರು.

"ಎ... ಎರಡೂ."

"ಮೊದಲನೇದಕ್ಕೆ ನಾನು ಮಾತು ಕೊಡಲ್ಲ. ಉಸಿರು ಬಿಗಿಹಿಡಿಯದೆ ಹಗುರವಾಗಿ ಶುರು ಮಾಡೋದು ಹೇಳಿಕೊಡ್ತೀನಿ, ಸ್ವಲ್ಪ ಕಡಿಮೆ ಆಗಬಹುದು. ಎರಡನೇದು ಮಾತ್ರ ಪೂರ್ತಿ ನಿಮ್ಮ ಕೈಯಲ್ಲೇ ಇದೆ. ನನಗೆ ತೊದಲುತ್ತೆ ಅಂತ ನೀವೇ ಮೊದಲು ಹೇಳಿಬಿಡಿ."

ಹೇಳುವುದು ಸುಲಭ. ಅಂಗಡಿಯಲ್ಲಿ ಉಳಿದ ಮದುವೆ ಕಾಗದಗಳನ್ನು ತಂದು ಸಂಜೆ ಸಂಜೆ ಹಿತ್ತಲಲ್ಲಿ ಕೂತು ಅವುಗಳಲ್ಲಿದ್ದ ಹೆಸರು ಓದಿದ. ಮೇಧಿನಿ ಜೊತೆಗೆ ಓದಿದರೆ ಸರಾಗ, ಅವಳು ನಿಲ್ಲಿಸಿದರೆ ಅವನೂ ನಿಂತ. ಒಳಗಿನಿಂದ ಗೋಪಾಲಸ್ವಾಮಿ, "ಕಿಟಕಿ ಹಾಕೇ ಚೆಲುವಿ, ಪಕ್ಕದ ಮನೆಗೆ ಕೇಳುತ್ತೆ," ಎನ್ನುವುದು ಹಿತ್ತಲಿಗೂ ಕೇಳುತ್ತಿತ್ತು. ಇಷ್ಟೆಲ್ಲ ಮಾಡಿಯೂ ನಾಲ್ಕನೇ ಶನಿವಾರ ಗರ್ಭಗುಡಿಯಲ್ಲಿ ಅವನ ಬಾಯಿಗೆ ಬಂದದ್ದು 'ಅಸ್ಯ ಯಜಮಾನಸ್ಯ'ವೇ.

ಐದನೇ ಶನಿವಾರ ಪ್ರಯತ್ನ ಮಾಡಿದ. ರಂಗಮ್ಮನ ಸರದಿ ಬಂದಾಗ ಮಂತ್ರ ಹೇಳುತ್ತಾ ಬಂದು ಹೆಸರಿನ ಜಾಗದಲ್ಲಿ ತುಟಿ ಜೋಡಿಸಿದ. ಜೋಡಿಸಿದ ತುಟಿ ಬಿಡಲೇ ಇಲ್ಲ. ಹಿಂದೆ ಯಾರೋ ಕೆಮ್ಮಿದರು. ಅಷ್ಟೇ ಸಾಕಾಯಿತು. ಅವನು ಗಂಟಲು ಸರಿಮಾಡಿಕೊಂಡವನಂತೆ ನಟಿಸಿ ಹಳೆಯ ದಾರಿಗೇ ಜಾರಿದ, ಮಂತ್ರ ಎಣ್ಣೆ ಹಚ್ಚಿದಂತೆ ಮುಂದೆ ಓಡಿತು.

ಮಂಗಳಾರತಿ ತಟ್ಟೆ ಹಿಡಿದು ಹೊರಬಂದಾಗ ರಂಗಮ್ಮ ಆರತಿ ತೆಗೆದುಕೊಳ್ಳಲಿಲ್ಲ. ಅಂದು ಅವಳು ಹೊಸ್ತಿಲ ಹತ್ತಿರವೇ ಕಿವಿಗೊಟ್ಟು ನಿಂತಿದ್ದಳು.

"ನಂಗೆ ಸಂಸ್ಕೃತ ಬರಾಕಿಲ್ಲ ಅಯ್ನೋರೆ," ಎಂದಳು ಮೆಲ್ಲಗೆ. "ನೀವು ಹೇಳೋದ್ರಲ್ಲಿ ನಂಗೆ ಗೊತ್ತಾಗೋದು ಒಂದೇ ಮಾತು, ಅದು ನಮ್ಮೋರ ಹೆಸ್ರು. ಇವತ್ತೂ ನೀವು ಹೇಳ್ನಿಲ್ಲ."

ನಂದಕಿಶೋರನ ಕೈಯ ತಟ್ಟೆ ಬಿಸಿಯಾಗುತ್ತಿತ್ತು.

"ಗಂಡನ ಹೆಸ್ರ ಬಾಯಲ್ಲಿ ಎತ್ತಬಾರ್ದು ಅಂತ ನಮ್ಮವ್ವ ಹೇಳಿ ಕಳ್ಸಿದ್ಲು. ಐವತ್ತು ವರ್ಸ ಆಯ್ತು, ಎತ್ತಿಲ್ಲ. ಆಸ್ಪತ್ರೇಲಿ ಕೇಳುದ್ರೂ ಸೊಸೆ ಕೈಲೇ ಹೇಳ್ಸಿವ್ನಿ. ದೇವ್ರ ಮುಂದೆ ನಾನು ಹೇಳೋ ಹಂಗಿಲ್ಲ, ನಿಮ್ಮ ಬಾಯಲ್ಲಿ ಹೇಳ್ಸಾನ ಅಂತ ವಾರ ವಾರ ಎಲ್ಡು ಬಸ್ ಹತ್ತಿ ಬತ್ತಿವ್ನಿ. ನೀವೂ ಹೇಳ್ನಿಲ್ಲ ಅಂದ್ರೆ ಇನ್ಯಾರು ಹೇಳ್ತಾರೆ?"

ಬೈಗುಳವಾಗಿದ್ದರೆ ತಡೆದುಕೊಳ್ಳಬಹುದಿತ್ತು. ಅವಳು ಬೈಯಲಿಲ್ಲ. ಬರೋ ಬುಧವಾರ ಬಿಟ್ಟು ಅದರ ಮುಂದಿನ ಬುಧವಾರ ಆಪರೇಷನ್ ಎಂದು ಹೇಳಿ, ಸೆರಗು ಹೊದ್ದು ಹೊರಟಳು. ನಂದಕಿಶೋರನಿಗೆ ನೆಲ ಬಿರಿದು ತನ್ನನ್ನು ನುಂಗಬಾರದೇ ಎನಿಸಿತು. ಇಷ್ಟು ವರ್ಷ ಜನ ನಕ್ಕಾಗ ಆದ ನಾಚಿಕೆಯಲ್ಲಿ ಅವನ ತಪ್ಪಿರಲಿಲ್ಲ. ಈ ನಾಚಿಕೆ ಅವನದೇ ಸಂಪಾದನೆ.

ಆ ದಿನ ಊಟದಲ್ಲಿ ಅವನು ಎಲೆಯ ಮುಂದೆ ಕೂತನೇ ಹೊರತು ತುತ್ತು ಎತ್ತಲಿಲ್ಲ. ಮೇಧಿನಿ ನಡೆದದ್ದನ್ನು ಹೇಳಿದಳು.

"ಮುಂದಿನ ವಾರ ನಾನೇ ಬರ್ತೀನಿ," ಎಂದರು ಗೋಪಾಲಸ್ವಾಮಿ ಮಂಚದ ಮೇಲಿಂದ. "ಕುರ್ಚಿ ಹಾಕಿ ಕೂರಿಸಿ. ಅವನು ಪೂಜೆ ಮಾಡ್ಲಿ. ಹೆಸರು ಬಂದಾಗ ನಾನು ಹೇಳ್ತೀನಿ. ಮುಗೀತಲ್ಲ."

"ಬೇ... ಬೇಡ ಅಪ್ಪ."

"ಮತ್ತೇನು ಮಾಡ್ತೀಯ? ಜನರೆದುರು ಬ್ಯಾ ಬ್ಯಾ ಅಂತ ನಿಂತ್ಕೋತೀಯ? ಸ್ಕೂಲಲ್ಲಿ ನಿನ್ನ ಪರವಾಗಿ ನಾನು ಹೇಳಿದೆ, ಅಂಗಡಿ ಕೆಲಸಕ್ಕೆ ನಾನು ಮಾತಾಡಿದೆ. ನಾನು ಹೇಳದೆ ಇದ್ದಿದ್ರೆ ಏನಾಗ್ತಿತ್ತು?"

"ಅಪ್ಪ." ನಂದಕಿಶೋರ ತಲೆ ಎತ್ತಿದ. "ನಿಮಗೆ ನನ್ನ ಕ... ಕಂಡ್ರೆ ನಾ... ನಾ... ನಾಚಿಕೆನಾ?"

ಗೋಪಾಲಸ್ವಾಮಿ ಇಲ್ಲವೆನ್ನಬಹುದಿತ್ತು. ಯಾವ ತಂದೆಯೂ ಇಲ್ಲವೆಂದೇ ಹೇಳುತ್ತಾನೆ. ಅವರು ಮಜ್ಜಿಗೆಯ ಲೋಟ ಎತ್ತಿಕೊಂಡರು, ಕುಡಿಯದೆ ಕೆಳಗಿಟ್ಟರು.

"ಊಟದ ಹೊತ್ತಲ್ಲಿ ಇಂಥ ಮಾತು ಬೇಡ," ಎಂದರು ಚೆಲುವಾಂಬ. ಹೇಳುತ್ತಿದ್ದಂತೆ ಅವರಿಗೇ ಅಳು ಬಂತು. ಸೆರಗಿನಲ್ಲಿ ಮುಖ ಒರೆಸಿಕೊಂಡು, ಯಾರೂ ಕೇಳದಿದ್ದರೂ ಎಲ್ಲರ ಎಲೆಗೂ ಅನ್ನ ಬಡಿಸಿದರು.

ವಾರವೆಲ್ಲ ಮನೆಯಲ್ಲಿ ಬೇಕಾದಷ್ಟಕ್ಕೇ ಮಾತು. ಶುಕ್ರವಾರ ಗೋಪಾಲಸ್ವಾಮಿ, "ನಾಳೆ ಬರ್ತೀನಿ ಅಂದೆನಲ್ಲ, ಆಟೋಗೆ ಹೇಳು," ಎಂದಾಗ ಯಾರೂ ಎದುರಾಡಲಿಲ್ಲ.

ಆರನೇ ಶನಿವಾರ ಗುಡಿಯಲ್ಲಿ ಎಂದಿಗಿಂತ ಹೆಚ್ಚು ಜನ. ದೊಡ್ಡಯ್ನೋರು ಬಂದಿದ್ದಾರೆಂದು ತಿಳಿದು ಊರಿನವರೂ ಸೇರಿದ್ದರು. ಅವರನ್ನು ಗರ್ಭಗುಡಿಯ ಎದುರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಪ್ಲಾಸ್ಟರ್ ಕಾಲನ್ನು ಸ್ಟೂಲಿನ ಮೇಲಿಟ್ಟರು. ಚೆಲುವಾಂಬ ಅನುಸೂಯಮ್ಮನ ಪಕ್ಕ ನಿಂತಿದ್ದರು. ರಂಗಮ್ಮ ಸಾಲಿನ ಮುಂದೆಯೇ ಇದ್ದಳು.

ಅಭಿಷೇಕ, ಅಲಂಕಾರ ಮುಗಿಯಿತು. ಅರ್ಚನೆ ಶುರು ಮಾಡುವ ಮುನ್ನ ನಂದಕಿಶೋರ ಹೊಸ್ತಿಲು ದಾಟಿ ಜನರ ಕಡೆ ತಿರುಗಿ ನಿಂತ.

"ನ... ನನಗೆ ಯಾವ ವ್ರತವೂ ಇಲ್ಲ," ಎಂದ. "ನನಗೆ ಮಾತು ತೊ... ತೊ... ತೊದಲುತ್ತೆ. ಅ... ಅದು ಗೊತ್ತಾಗಬಾರದು ಅಂತ ಹೋದ ಐ... ಐದು ವಾರ ನಾನು ಯಾ... ಯಾರ ಹೆಸರೂ ಹೇಳಿಲ್ಲ. ತ... ತ... ತಪ್ಪಾಯ್ತು."

ಇಷ್ಟು ಹೇಳಲು ಅವನಿಗೆ ಎಷ್ಟು ಹೊತ್ತು ಬೇಕಾಯಿತೆಂದರೆ, ಕೊನೆಯ ಮಾತಿನ ಹೊತ್ತಿಗೆ ಅವನ ಅಂಗವಸ್ತ್ರ ಬೆವರಿಗೆ ಒದ್ದೆಯಾಗಿತ್ತು. ಅನುಸೂಯಮ್ಮ ತಿರುಗಿ ಚೆಲುವಾಂಬರ ಮುಖ ನೋಡಿದರು. ಚೆಲುವಾಂಬ ನೆಲ ನೋಡಿದರು. ಗೋಪಾಲಸ್ವಾಮಿ ಎರಡೂ ಕೈಯಲ್ಲಿ ಕುರ್ಚಿಯ ಹಿಡಿ ಹಿಡಿದುಕೊಂಡರು. ಓಡಿಹೋಗಲು ಅವರಿಗೆ ಕಾಲೂ ಇರಲಿಲ್ಲ.

"ಅಂದ್ರೆ ನಾವು ಮಾಡ್ಸಿದ್ದೆಲ್ಲ ಸುಳ್ಳೇನ್ರಿ?" ಎಂದ ಹಿಂದಿನಿಂದ ಇಂದ್ರೇಶ್ ಎಂಬ ತೆಂಗಿನಕಾಯಿ ವ್ಯಾಪಾರಿ. "ದೇವರ ಸನ್ನಿಧೀಲಿ ನಿಂತು ಇಂಥಾ ಕೆಲ್ಸ ಮಾಡ್ತೀರಾ? ಬೇಲೂರಿಗೇ ಹೋಗ್ತೀವಿ ಬಿಡಿ."

ಅವನು ಹಣ್ಣುಕಾಯಿ ಬುಟ್ಟಿ ಎತ್ತಿಕೊಂಡು ಹೊರಟ. ಅವನ ಹಿಂದೆ ಇನ್ನೊಂದು ಮನೆಯವರೂ ಹೊರಟರು. ಅವರು ಮೆಟ್ಟಿಲು ಇಳಿಯುವ ಸದ್ದು ಒಳಗೆಲ್ಲ ಕೇಳಿಸಿತು.

ರಂಗಮ್ಮ ಮಾತ್ರ ಒಂದು ಹೆಜ್ಜೆ ಮುಂದೆ ಬಂದಳು. "ಅದೇನು ಮಹಾ. ಸುರು ಮಾಡಿ," ಎಂದಳು.

ನಂದಕಿಶೋರ ಒಳಗೆ ಹೋದ. ಮಂತ್ರ ಶುರುವಾಯಿತು, ಹೆಸರಿನ ಜಾಗಕ್ಕೆ ಬಂದು ನಿಂತಿತು. ತುಟಿ ಅಂಟಿಕೊಂಡವು. ಒಂದು, ಎರಡು, ಮೂರು ಕ್ಷಣ. ಗೋಪಾಲಸ್ವಾಮಿ ಅಭ್ಯಾಸಬಲದಿಂದ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಬಾಯಿ ತೆರೆದರು.

"ದೊಡ್ಡಯ್ನೋರೆ, ಸುಮ್ಕಿರಿ," ಎಂದಳು ರಂಗಮ್ಮ ತಿರುಗಿ ನೋಡದೆ. "ಅವರು ಹೇಳ್ತವ್ರೆ."

ಗೋಪಾಲಸ್ವಾಮಿ ಬಾಯಿ ಮುಚ್ಚಿದರು. ನಂದಕಿಶೋರ ಹಿಡಿದ ಉಸಿರನ್ನು ಬಿಟ್ಟ, ಮತ್ತೆ ತೆಗೆದುಕೊಂಡ.

"ಬೋ... ಬೋ... ಬೋರಯ್ಯ ನಾಮಧೇಯಸ್ಯ..."

ರಂಗಮ್ಮ ಕಣ್ಣು ಮುಚ್ಚಿಕೊಂಡಳು. ತುಳಸಿ ದೇವರ ಪಾದಕ್ಕೆ ಬಿತ್ತು. ಆರತಿಯ ತಟ್ಟೆ ಬಂದಾಗ ಎರಡೂ ಕೈಯಲ್ಲಿ ಶಾಖ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು. "ಈಗ ಕೇಳುಸ್ತು," ಎಂದಳು.

ಉಳಿದವರ ಅರ್ಚನೆ ಮುಗಿಯುವ ಹೊತ್ತಿಗೆ ಹನ್ನೊಂದಾಗಿತ್ತು. ಕೆಲವು ಹೆಸರು ಸಲೀಸಾಗಿ ಬಂದವು, ಕೆಲವು ಬರಲೇ ಒಲ್ಲವು. ಒಬ್ಬಿಬ್ಬರು ವಾಚು ನೋಡಿಕೊಂಡರು. ಒಬ್ಬ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು, ಅವಳಮ್ಮ ಅವಳ ತೊಡೆ ಚಿವುಟಿದಳು. ಪ್ರತಿ ಸಲ ಮಾತು ಸಿಕ್ಕಿಕೊಂಡಾಗಲೂ ನಂದಕಿಶೋರನ ಕಿವಿ ಕೆಂಪಾಗುತ್ತಿತ್ತು. ಆದರೂ ಒಂದು ಹೆಸರನ್ನೂ ಅವನು ಬಿಡಲಿಲ್ಲ.

ಜನ ಕರಗಿದರು. ಮೇಧಿನಿ ಆಟೋ ಕರೆಯಲು ಹೊರಗೆ ಹೋದಳು. ಚೆಲುವಾಂಬ ಅರಿಶಿನ ನೀರು ಚೆಲ್ಲಿದ ನೆಲ ಒರೆಸುತ್ತಿದ್ದರು. ನಂದಕಿಶೋರ ಗರ್ಭಗುಡಿಯ ಬಾಗಿಲು ಎಳೆಯಲು ಹೋದ.

"ತಡಿ," ಎಂದರು ಗೋಪಾಲಸ್ವಾಮಿ. "ನಂದೂ ಒಂದು ಅರ್ಚನೆ ಆಗ್ಲಿ."

ಅವನು ತಿರುಗಿ ನೋಡಿದ. ಅಪ್ಪ ತಮಾಷೆ ಮಾಡುವವರಲ್ಲ.

ಯಾರೇ ಬಂದರೂ ಹೆಸರು ಕೇಳುವುದು ಪದ್ಧತಿ. "ಯಾ... ಯಾರ ಹೆಸರಿಗೆ?" ಎಂದು ಕೇಳಿದ.

"ಗೋಪಾಲಸ್ವಾಮಿ. ಭಾರದ್ವಾಜ ಗೋತ್ರ, ಶ್ರವಣ ನಕ್ಷತ್ರ."

ಮಗನಿಗೆ ಎಲ್ಲಕ್ಕಿಂತ ಕಷ್ಟದ ಹೆಸರು ತಮ್ಮದೇ ಎಂದು ಅವರಿಗೆ ಗೊತ್ತಿತ್ತು. ತಂದೆಯ ಹೆಸರೇನು ಎಂದು ಯಾರಾದರೂ ಹುಡುಗನನ್ನು ಕೇಳಿದಾಗಲೆಲ್ಲ, ಅವನು 'ಗೋ' ಎನ್ನುವುದರೊಳಗೆ ಅವರೇ ಮುಂದೆ ನುಗ್ಗಿ ಹೇಳಿಬಿಟ್ಟಿದ್ದರು. ಇಪ್ಪತ್ತಾರು ವರ್ಷದಲ್ಲಿ ಮಗನ ಬಾಯಿಂದ ತಮ್ಮ ಹೆಸರನ್ನು ಅವರು ಒಮ್ಮೆಯೂ ಪೂರ್ತಿ ಕೇಳಿರಲಿಲ್ಲ.

ಮಂತ್ರ ಶುರುವಾಯಿತು. ಗೋತ್ರ ಬಂತು, ನಕ್ಷತ್ರ ಬಂತು.

"ಗೋ..." ಎಂದು ನಂದಕಿಶೋರ ನಿಂತ. "ಗೋ... ಗೋ..."

ನೆಲ ಒರೆಸುತ್ತಿದ್ದ ಚೆಲುವಾಂಬರ ಕೈ ನಿಂತಿತು. ಹೊರಗೆ ಆಟೋದವನು ಹಾರ್ನ್ ಮಾಡಿದ. ಗೋಪಾಲಸ್ವಾಮಿ ತಲೆ ತಗ್ಗಿಸಲಿಲ್ಲ, ತುಟಿ ಆಡಿಸಲಿಲ್ಲ. ಮುಗಿದ ಕೈ ಮುಗಿದಂತೆಯೇ ಮಗನ ಬಾಯನ್ನೇ ನೋಡುತ್ತಾ ಕಾದರು.